ತೋಟದ ಸರಕಿನಿಂದ ಸಿಹಿ-ಖಾರದ ಸಾಸು

ಕಳೆದ ಜನವರಿಯಲ್ಲಿ ನಮ್ಮ ಮನೆಗೆ ಬಂದ ನೆಂಟರು ಕಣದ ಬದಿಯಲ್ಲಿ ಕೆಂಡ ಹಾಕಿ ಕೋಳಿ ಸುಡೋಣವೆಂದರು. ಜೊತೆಗೆ ಒಂದು ಸೀಸೆ ಬಾರ್ಬೆಕ್ಯೂ ಸಾಸನ್ನೂ ತಂದಿದ್ದರು. ಸೀಸೆಯ ಚೀಟಿ ಓದಿದೆವು: ಟೊಮೆಟೊ, ಕಾಕಂಬಿ, ವಿನಿಗರ್, ಈರುಳ್ಳಿ, ಮೆಣಸು. ಕಾಕಂಬಿಗೆ ಬದಲು ಜೋನಿಬೆಲ್ಲ, ವಿನಿಗರಿಗೆ ಬದಲು ಕಾಚಂಪುಳಿ ನಮ್ಮ ಮನೆಯಲ್ಲೇ ಇವೆ. ಕಾಳುಮೆಣಸನ್ನಂತೂ ಮೂಟೆಗಟ್ಟಲೆ ಮಾರುವವರು ನಾವು. ಹೀಗಿರುವಾಗ ಸೀಸೆಗೆ ದುಡ್ಡು ತೆರುವುದೇಕೆ ಎನಿಸಿತು.

ಟೊಮೆಟೊ ಮತ್ತು ಕಾಕಂಬಿಯ ಈ ದಪ್ಪ ಸಾಸು ಅಮೆರಿಕದ ಕ್ಯಾನ್ಸಸ್ ಸಿಟಿ ಕಡೆಯ ಪದ್ಧತಿ. ಅದೇ ದೇಶದ ಉತ್ತರ ಕೆರೊಲಿನಾದ ಪೂರ್ವ ಭಾಗದಲ್ಲಿ ವಿನಿಗರ್ ಮತ್ತು ಮೆಣಸಿನ ತೆಳು ಸಾಸು ಬಳಸುತ್ತಾರೆ. ಅವರವರ ಊರಿನಲ್ಲಿ ಸಿಕ್ಕಿದ್ದರಿಂದ ಅವರವರು ಮಾಡಿಕೊಂಡರು. ನಾವೂ ಹಾಗೆಯೇ ಮಾಡಬಹುದು.

ಬೇಕಾಗುವ ಸಾಮಾನು: ಹಣ್ಣು ಟೊಮೆಟೊ 1 ಕಿಲೋ, ಈರುಳ್ಳಿ 2, ಬೆಳ್ಳುಳ್ಳಿ 10 ಎಸಳು, ಬ್ಯಾಡಗಿ ಮೆಣಸು 6, ಸೂಜಿಮೆಣಸು 4, ಜೋನಿಬೆಲ್ಲ 200 ಗ್ರಾಂ, ಕಾಚಂಪುಳಿ 2 ದೊಡ್ಡ ಚಮಚ, ಚಿಕೋರಿ ಬೆರೆಸದ ಕಾಫಿ ಡಿಕಾಕ್ಷನ್ ಅರ್ಧ ಲೋಟ, ಕುಟ್ಟಿದ ಕಾಳುಮೆಣಸು 1 ಚಮಚ, ರುಚಿಗೆ ಉಪ್ಪು. ಕಾಚಂಪುಳಿ ಸಿಗದ ಕಡೆ ಹುಣಸೆಯ ಗಟ್ಟಿ ರಸ ಆದೀತು.

ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಎರಡು ಬಗೆಯ ಮೆಣಸು ಇಷ್ಟನ್ನೂ ಬೇಯಿಸಿ, ಆರಿದ ಮೇಲೆ ರುಬ್ಬಿ ಸೋಸಬೇಕು. ಹುಳಿ ಪದಾರ್ಥವಾದ್ದರಿಂದ ಸ್ಟೀಲ್ ಪಾತ್ರೆಯೇ ಆಗಬೇಕು. ತಾಮ್ರ, ಅಲ್ಯೂಮಿನಿಯಂ ಕೂಡದು. ಬೆಲ್ಲ, ಹುಳಿ, ಡಿಕಾಕ್ಷನ್, ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ತಿರುವುತ್ತಾ ಕುದಿಸಬೇಕು. ಡಿಕಾಕ್ಷನ್ನಿನ ಕಹಿ ಬೆಲ್ಲದ ಸಿಹಿಯನ್ನು ಹದಕ್ಕೆ ತರುತ್ತದೆ. ತಟ್ಟೆಗೆ ಹಾಕಿದ ಹನಿ ಹರಿಯದೆ ನಿಂತರೆ ಹದವಾಯಿತೆಂದು ತಿಳಿಯಬೇಕು. ಕಾಳುಮೆಣಸನ್ನು ಇಳಿಸುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಪರಿಮಳ ಹಬೆಯ ಜೊತೆ ಹೋಗುತ್ತದೆ.

ಇನ್ನು ನಮ್ಮ ಎರಡು ತಪ್ಪುಗಳು. ಮೊದಲ ಸಲ ಹಸಿ ಕೋಳಿಗೇ ಸಾಸು ಬಳಿದು ಕೆಂಡದ ಮೇಲಿಟ್ಟೆವು. ಬೆಲ್ಲ ಕರಿದಾಗಿ ಸೀದುಹೋಯಿತು, ಮಾಂಸ ಒಳಗೆ ಹಸಿಯಾಗಿಯೇ ಉಳಿಯಿತು. ನೆಂಟರು ಮಾತಾಡದೆ ತಟ್ಟೆ ಬದಿಗಿಟ್ಟರು. ಮಾಂಸ ಪೂರ್ತಿ ಬೆಂದ ಮೇಲೆ, ಕೊನೆಯ ಐದು ನಿಮಿಷದಲ್ಲಿ ಸಾಸು ಬಳಿಯುವುದೇ ಸರಿ. ಸಸ್ಯಾಹಾರಿ ಸದಸ್ಯರು ಸುಟ್ಟ ಗೆಣಸಿಗೆ, ಅನಾನಸಿಗೆ ಹೀಗೆಯೇ ಬಳಿದು ನೋಡಬಹುದು.

ಎರಡನೆಯದು ಮಳೆಗಾಲದಲ್ಲಿ ಆದದ್ದು. ತೊಳೆದ ಸೀಸೆ ಒಣಗುವ ಮೊದಲೇ ಸಾಸು ತುಂಬಿ ಅಟ್ಟದಲ್ಲಿಟ್ಟೆವು. ವಾರದೊಳಗೆ ನೊರೆ ಬಂದು ಮುಚ್ಚಳ ಹಾರಿತು. ಎಲ್ಲವನ್ನೂ ಗುಂಡಿಗೆ ಸುರಿದೆವು. ಈಗ ನಮ್ಮ ಮನೆಯವರು ಗಾಜಿನ ಸೀಸೆಗಳನ್ನು ಕುದಿಸಿ, ಒಣಗಿಸಿ, ಬಿಸಿ ಇರುವಾಗಲೇ ಸಾಸು ತುಂಬುತ್ತಾರೆ. ಸೀಸೆ ಫ್ರಿಜ್ಜಿನಲ್ಲೇ ಇರಬೇಕು, ಎರಡು ಮೂರು ವಾರದೊಳಗೆ ಮುಗಿಯಬೇಕು. ನೊರೆ, ಬೂಷ್ಟು ಕಂಡರೆ ರುಚಿ ನೋಡುವ ಗೋಜಿಗೂ ಹೋಗಬಾರದು.

ಸದಸ್ಯರಲ್ಲಿ ಹಲವರು ಹೋಂಸ್ಟೇ ನಡೆಸುತ್ತಿದ್ದೀರಿ. ಅತಿಥಿಗಳು ಬರುವುದು ತೋಟ ನೋಡಲು. ಅವರ ತಟ್ಟೆಯಲ್ಲೂ ತೋಟ ಕಾಣಲಿ. ಆದರೆ ಸೀಸೆಗೆ ತುಂಬಿ ಮಾರುವ ಮನಸ್ಸಿದ್ದರೆ 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಿಕೊಂಡೇ ಮುಂದುವರಿಯಿರಿ.

ಮಾಡಿ ನೋಡಿದವರು ತಮ್ಮ ಅಳತೆಯನ್ನು ಸಂಘದ ಕಚೇರಿಗೆ ಬರೆದು ತಿಳಿಸಿ. ತಪ್ಪಿದ್ದನ್ನೂ ಬರೆಯಿರಿ, ಇತರರಿಗೆ ಒಂದು ಪಾತ್ರೆ ಸಾಸು ಉಳಿದೀತು.