ಟ್ರಾಕ್ಟರ್ ಆಯಿಲ್ ಸೋರ್ತಾ ಇದೆ: ರಿಪೇರಿಗೆ ಸಾಲ ಕೊಡೋಣವೇ?



ದಬ್ಬೇಘಟ್ಟದಂಥ ತೆಂಗಿನ ಸೀಮೆಯಲ್ಲಿ ತೋಟ ಉಳಲು, ರಾಗಿ ಹೊಲ ಹಸನು ಮಾಡಲು, ಕಾಯಿ ಸಾಗಿಸಲು ಟ್ರಾಕ್ಟರ್ ಬೇಕು. ಹೊಸದು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ, ಹಳೇದರಲ್ಲೇ ನಡೆಯಬೇಕು. ಹೀಗಿರುವಾಗ ಸಂಘದ ಸಭೆಯಲ್ಲಿ ಒಬ್ಬ ಸದಸ್ಯೆ, "ಟ್ರಾಕ್ಟ್ರು ಆಯಿಲ್ ಸೋರ್ತಾ ಐತೆ ಕಣಕ್ಕ, ಇಂಜಿನ್ ಬಿಚ್ಚಬೇಕಂತೆ, ಮೂವತ್ತು ಸಾವಿರ ಸಾಲ ಬೇಕು" ಎಂದರೆ ಏನು ಹೇಳುತ್ತೀರಿ? ಟ್ರಾಕ್ಟರ್ ಯಜಮಾನರ ಹೆಸರಲ್ಲಿರಬಹುದು, ಆದರೆ ಸಾಲದ ಪುಸ್ತಕದಲ್ಲಿರುವುದು ನಮ್ಮ ಹೆಸರು. ಹಾಗಾಗಿ ಎಲ್ಲಿಂದ ಸೋರುತ್ತಿದೆ ಎಂದು ಮೊದಲು ತಿಳಿಯೋಣ. ಆಮೇಲೆ ಸಾಲದ ಮಾತು.

ಪತ್ತೆ ಮಾಡುವುದು ಹೇಗೆ?

ಆಯಿಲ್ ಮೇಲೆ ಸೋರಿ ಕೆಳಗೆ ಹರಿಯುತ್ತದೆ, ಫ್ಯಾನ್ ಗಾಳಿಗೆ ಹಿಂದಕ್ಕೂ ಹರಡುತ್ತದೆ. ತೊಟ್ಟಿಕ್ಕುವ ಜಾಗವೇ ತೂತಿನ ಜಾಗ ಅಂದುಕೊಳ್ಳಬೇಡಿ. ಇಂಜಿನ್ ತಣ್ಣಗಿರುವಾಗ ಜಿಡ್ಡು ತೊಳೆದು ಒಣಗಿಸಿ, ಅರ್ಧ ಗಂಟೆ ಓಡಿಸಿ, ನಿಲ್ಲಿಸಿ ನೋಡಿ. ಎಲ್ಲಕ್ಕಿಂತ ಮೇಲೆ ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ಮೂಲ. ರಾತ್ರಿ ಕೆಳಗೆ ರಟ್ಟು ಹಾಸಿದರೆ ಎಷ್ಟು ಬೀಳುತ್ತದೆಂದೂ ಗೊತ್ತಾಗುತ್ತದೆ. ಓಡಿದ ಇಂಜಿನ್ ಆಯಿಲ್ ಕಪ್ಪಗಿರುತ್ತದೆ. ಗೇರ್, ಹೈಡ್ರಾಲಿಕ್ ಆಯಿಲ್ ಸಾಮಾನ್ಯವಾಗಿ ತಿಳಿಯಾಗಿರುತ್ತದೆ.

ಸೋರಿಕೆ ಮೂರು ಬಗೆ

1. ಸಣ್ಣದು: ಟ್ಯಾಪೆಟ್ ಕವರ್ ಪ್ಯಾಕಿಂಗ್, ಡ್ರೈನ್ ಬೋಲ್ಟಿನ ವಾಷರ್ ಇತ್ಯಾದಿ. ಇದಕ್ಕೆ ಇಂಜಿನ್ ಬಿಚ್ಚಬೇಕಿಲ್ಲ. ಇಂಜಿನ್ನಿನ ಹಬೆ ಹೊರಹೋಗುವ ಬ್ರೀದರ್ ಕಟ್ಟಿಕೊಂಡರೂ ಒಳಗಿನ ಒತ್ತಡಕ್ಕೆ ಸಂದುಗಳಲ್ಲಿ ಆಯಿಲ್ ಬರುತ್ತದೆ. ಮೊದಲು ಅದನ್ನು ಶುಚಿ ಮಾಡಿಸಿ.

2. ತಡಮಾಡಬಾರದ್ದು: ಹಿಂದಿನ ಚಕ್ರದ ಆಕ್ಸಲ್ ಸೀಲ್ ಹೋದರೆ, ಹಳೇ ಟ್ರಾಕ್ಟರುಗಳಲ್ಲಿ ಆಯಿಲ್ ಬ್ರೇಕಿಗೆ ತಗಲುತ್ತದೆ. ಕಾಯಿ ತುಂಬಿದ ಟ್ರೈಲರ್ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಕಾದ ಸೈಲೆನ್ಸರ್ ಮೇಲೆ ಆಯಿಲ್ ಬಿದ್ದರೆ ಬೆಂಕಿಯ ಭಯ. ಸುತ್ತ ಒಣ ಗರಿ, ಮಟ್ಟೆ ಇರುತ್ತವಲ್ಲ! ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ, ಸ್ಟಾರ್ಟ್ ಮಾಡಲೇಬೇಡಿ.

3. ದೊಡ್ಡದು: ನೀಲಿ ಹೊಗೆ, ಆಯಿಲ್ ಹಾಕುವ ಬಾಯಿಂದ ಬುಸುಬುಸು ಹೊಗೆ, ಕೆಳಗೆ ಸೋರದಿದ್ದರೂ ಆಯಿಲ್ ಕಡಿಮೆಯಾಗುವುದು. ಇವು ರಿಂಗ್, ಲೈನರ್ ಸವೆದ ಲಕ್ಷಣ. ಇಲ್ಲಿ ಬರೀ ಸೀಲ್ ಬದಲಾಯಿಸಿದರೆ ದುಡ್ಡು ದಂಡ.

ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇರುವ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದ್ದರೆ, ಸೀಲಿನ ಬೆಲೆ ಅಲ್ಪ, ಆದರೆ ಟ್ರಾಕ್ಟರನ್ನೇ ಎರಡು ಭಾಗ ಮಾಡಬೇಕಾದ್ದರಿಂದ ಕೂಲಿ ಹೆಚ್ಚು. ಬಿಚ್ಚಿದಾಗಲೇ ಕ್ಲಚ್ ಪ್ಲೇಟನ್ನೂ ನೋಡಿಸಿ, ಇಲ್ಲವಾದರೆ ಎರಡು ಸಲ ಕೂಲಿ.

ಲೆಕ್ಕ ಹಾಕೋಣ

ಉದಾಹರಣೆಗೆ 30,000 ರೂ. ಸಾಲ, ತಿಂಗಳಿಗೆ ನೂರಕ್ಕೆ 1 ರೂ. ಬಡ್ಡಿ, 20 ಕಂತು ಎಂದುಕೊಳ್ಳಿ. ಮೊದಲ ತಿಂಗಳು ಅಸಲು 1,500, ಬಡ್ಡಿ 300, ಒಟ್ಟು 1,800 ರೂ. ತಿಂಗಳಿಗೆ 2 ಲೀಟರ್ ಸೋರಿ, ಲೀಟರಿಗೆ 300 ರೂ. ಆದರೂ ನಷ್ಟ 600 ರೂ. ಮಾತ್ರ. ಅಂದರೆ ಆಯಿಲ್ ಉಳಿಸಲೆಂದೇ ಸಾಲ ಮಾಡಿದರೆ ಗಿಟ್ಟುವುದಿಲ್ಲ. ಅಪಾಯ ತಪ್ಪಿಸಲು, ಇಲ್ಲವೇ ಟ್ರಾಕ್ಟರಿನ ದುಡಿಮೆಯಿಂದ ಕಂತು ಹುಟ್ಟುವುದಾದರೆ ಸಾಲ ಸರಿ. ಕೊಬ್ಬರಿ ಹಣ ಬಂದಾಗ ಕಟ್ತೀನಿ ಎನ್ನುವವರು, ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಲು ಸುಮಾರು ಒಂದು ವರ್ಷ ಬೇಕೆಂಬುದನ್ನು ಮರೆಯಬಾರದು.

ಬಿಡಿಭಾಗ ಸಿಗುವುದೇ ಎಂದೂ ವಿಚಾರಿಸಿ. ಎಚ್.ಎಂ.ಟಿ. ಟ್ರಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಅಂಥ ಗಾಡಿಯನ್ನು ಬಿಚ್ಚುವ ಮೊದಲೇ ಸಾಮಾನು ಕೈಗೆ ಬಂದಿರಲಿ. ವರ್ಷಕ್ಕೆ ಕೆಲವೇ ದಿನದ ಉಳುಮೆ ಇದ್ದವರು ಬಾಡಿಗೆ ದರವನ್ನೂ ಕೇಳಿ ನೋಡಿ. 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

* ಎಲ್ಲಿಂದ ಸೋರುತ್ತದೆ? ತೊಳೆದು ನೋಡಿದ್ದಾರಾ?
* ಸಾಮಾನು, ಕೂಲಿ ಬೇರೆಬೇರೆ ಬರೆದ ಎಸ್ಟಿಮೇಟ್ ಇದೆಯೇ? ಇನ್ನೊಬ್ಬ ಮೆಕ್ಯಾನಿಕ್ ಏನಂದರು?
* ಹಳೇ ಸಾಮಾನು ವಾಪಸು ಕೊಡುತ್ತಾರಾ?
* ಕಂತಿನ ಹಣ ಯಾವುದರಿಂದ ಬರುತ್ತದೆ?

ಈ ಪ್ರಶ್ನೆ ಕೇಳಿದರೆ ಸದಸ್ಯೆಯನ್ನು ಅನುಮಾನಿಸಿದಂತಲ್ಲ, ಅವಳ ಜೊತೆ ನಿಂತಂತೆ. ಇನ್ನೊಂದು ಮಾತು: ತೆಗೆದ ಹಳೇ ಆಯಿಲನ್ನು ತೆಂಗಿನ ಬುಡಕ್ಕೋ ಬಾವಿ ಹತ್ತಿರವೋ ಸುರಿಯಬೇಡಿ. ಕ್ಯಾನಿಗೆ ತುಂಬಿ ಗ್ಯಾರೇಜಿಗೇ ಕೊಡಿ.