ಮಾವು ಕೆಟ್ಟಿದ್ದು ಎಲ್ಲಿ?

ಕಳೆದ ಮೇ ತಿಂಗಳ ಒಂದು ರಾತ್ರಿ. ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಶ್ರೀನಿವಾಸಪುರ ಕಡೆಯಿಂದ ಫೋನ್ ಬಂತು. ಮಾವಿನ ತೋಟದವರು, ನಮ್ಮ ಚಾನೆಲ್‌ನ ಹಳೇ ವೀಕ್ಷಕರು. "ಸಾರ್, ದಿನಾ ರಾಜಕೀಯ ತೋರಿಸ್ತೀರಲ್ಲ, ಒಂದಿನ ನಮ್ಮ ಹಣ್ಣಿನ ಕಥೇನೂ ಕೇಳಿ" ಅಂದ್ರು. ಮೊದಲ ಸಲ ಧೈರ್ಯ ಮಾಡಿ 600 ಕೆಜಿ ಬಾದಾಮಿ ಮಾವು ದುಬೈಗೆ ವಿಮಾನದಲ್ಲಿ ಕಳಿಸಿದ್ದರಂತೆ. ಆರನೇ ದಿನ ಅಲ್ಲಿನ ವ್ಯಾಪಾರಿ ವಾಟ್ಸಾಪ್‌ನಲ್ಲಿ ಫೋಟೋ ಹಾಕಿದ. ಅರ್ಧ ಹಣ್ಣು ಮೆತ್ತಗಾಗಿದೆ, ಉಳಿದದ್ದರ ಮೇಲೆ ಕಪ್ಪು ಚುಕ್ಕೆ. ದುಡ್ಡು ಕೊಡಲ್ಲ ಅಂದ. ಸಾಗಿಸಿಕೊಟ್ಟ ಏಜೆಂಟ್‌ಗೆ ಕೇಳಿದ್ರೆ, "ಹಣ್ಣು ಅಂದ್ಮೇಲೆ ಕೆಡುತ್ತೆ ಸ್ವಾಮಿ" ಅನ್ನೋ ಉತ್ತರ.

ಅವರು ನನಗೆ ಕೇಳಿದ್ದು ಒಂದೇ ಪ್ರಶ್ನೆ. "ವಿಮಾನ ಹಾರೋದು ನಾಲ್ಕು ಗಂಟೆ. ನಾಲ್ಕು ಗಂಟೇಲಿ ಮಾವು ಹೇಗೆ ಕೊಳೀತು?"

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಥರ್ಮೋಡೈನಮಿಕ್ಸ್ ಪೇಪರ್ ಎರಡನೇ ಸಲಕ್ಕೆ ಪಾಸು ಮಾಡಿದವನು, ಅದು ಬೇರೆ ವಿಷಯ. ಆದ್ರೂ ಈ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಅವರಿಂದ ಗಂಟೆಗಂಟೆಯ ಲೆಕ್ಕ ಬರೆಸಿಕೊಂಡೆ. ಕೊಯ್ಲು ಬೆಳಗ್ಗೆ 11ಕ್ಕೆ, ಬಿಸಿಲಲ್ಲಿ. ಪೆಟ್ಟಿಗೆಗೆ ತುಂಬಿದ್ದು ಮಧ್ಯಾಹ್ನ 3ಕ್ಕೆ. ಲಾರಿ ಹೊರಟಿದ್ದು ಸಂಜೆ 6ಕ್ಕೆ, ದೇವನಹಳ್ಳಿಯ ಕಾರ್ಗೋ ಟರ್ಮಿನಲ್ ಮುಟ್ಟಿದ್ದು ರಾತ್ರಿ ಎಂಟೂವರೆಗೆ. ವಿಮಾನ ಏರಿದ್ದು ಬೆಳಗಿನ ಜಾವ 4ಕ್ಕೆ. ವ್ಯಾಪಾರಿಯ ಮಳಿಗೆ ಸೇರಿದ್ದು ಅಲ್ಲಿನ ಮಧ್ಯಾಹ್ನ 2ಕ್ಕೆ, ಅಂದರೆ ನಮ್ಮ ಮೂರೂವರೆಗೆ. ಒಟ್ಟು ಇಪ್ಪತ್ತೆಂಟೂವರೆ ಗಂಟೆ. ಅದರಲ್ಲಿ ಹಾರಾಟ ಬರೀ ನಾಲ್ಕು. ಉಳಿದ ಇಪ್ಪತ್ನಾಲ್ಕೂವರೆ ಗಂಟೆ ಹಣ್ಣು ನೆಲದ ಮೇಲೇ ಇತ್ತು!

ನಮ್ಮಲ್ಲಿ ಬಹಳ ಜನ ಏನಂದುಕೊಂಡಿದ್ದಾರೆ ಅಂದ್ರೆ, ವಿಮಾನ 35 ಸಾವಿರ ಅಡಿ ಮೇಲೆ ಹೋಗುತ್ತೆ, ಅಲ್ಲಿ ಹೊರಗೆ ಮೈನಸ್ 50 ಡಿಗ್ರಿ, ಹಾಗಾಗಿ ಸಾಮಾನು ತಾನಾಗೇ ತಣ್ಣಗಿರುತ್ತೆ ಅಂತ. ಹಾಗಿಲ್ಲ. ಕೆಳಗಿನ ಸರಕು ಅಂಕಣದಲ್ಲೂ ನಾವು ಕೂರುವ ಕಡೆ ಇರುವಷ್ಟೇ ಗಾಳಿಯ ಒತ್ತಡ ಇರುತ್ತೆ. ಕೆಲವು ವಿಮಾನಗಳಲ್ಲಿ ಅಲ್ಲಿನ ಉಷ್ಣಾಂಶ ನಿಯಂತ್ರಿಸಬಹುದು, ಕೆಲವದರಲ್ಲಿ ಅಷ್ಟು ಅನುಕೂಲ ಇಲ್ಲ. ಯಾವುದನ್ನೂ ಫ್ರಿಜ್ ಅಂತ ಭಾವಿಸುವ ಹಾಗಿಲ್ಲ. ತಂಪು ಏನಿದ್ದರೂ ಪೆಟ್ಟಿಗೆಯೊಳಗೇ ಹೋಗಬೇಕು. ಕರೆಂಟಿನಿಂದ ನಡೆಯೋ ತಂಪು ಕಂಟೇನರ್‌ಗಳು ಇವೆ. ಅವುಗಳ ಬಾಡಿಗೆ ಲಸಿಕೆ, ಔಷಧಿಗೆ ಕಟ್ಟುತ್ತೆ, ಹಸಿಮೆಣಸಿನಕಾಯಿಗೆ ಕಟ್ಟಲ್ಲ. ಆಹಾರಕ್ಕೆ ಥರ್ಮೋಕೋಲ್, ಜೆಲ್ ಪ್ಯಾಕ್, ಹೊದಿಕೆ, ಡ್ರೈ ಐಸ್. ಇಷ್ಟೇ.

ಇಲ್ಲೇ ಮೊದಲ ಎಡವಟ್ಟು ಇರೋದು. ಕಿತ್ತ ಹಣ್ಣು ಸತ್ತಿಲ್ಲ, ಉಸಿರಾಡ್ತಾ ಇರುತ್ತೆ. ಉಸಿರಾಡಿದಾಗ ಶಾಖ ಬರುತ್ತೆ. ಉಷ್ಣಾಂಶ 10 ಡಿಗ್ರಿ ಏರಿದರೆ ಆ ಉಸಿರಾಟದ ವೇಗ ಎರಡರಿಂದ ಮೂರು ಪಟ್ಟಾಗುತ್ತೆ. ಬಿಸಿಲಲ್ಲಿ ಕೊಯ್ದು, ಆ ಕಾವು ಇಳಿಸದೇ ಪೆಟ್ಟಿಗೆ ಮುಚ್ಚಿದ್ರೆ ಏನಾಗುತ್ತೆ? ಹೊರಗಿನ ಬಿಸಿ ಒಳಗೆ ಬರದ ಹಾಗೆ ತಡೆಯೋ ಪೆಟ್ಟಿಗೆ, ಒಳಗಿನ ಬಿಸಿಯನ್ನೂ ಹೊರಗೆ ಬಿಡಲ್ಲ. ಬಿಸಿ ಅನ್ನ ಹಾಟ್‌ಬಾಕ್ಸಿಗೆ ಹಾಕಿ ಮುಚ್ಚಿದ ಹಾಗೆ. ಕೊಯ್ದ ಕೂಡಲೇ ಕಾವು ಇಳಿಸೋದಕ್ಕೆ ಪ್ರೀ ಕೂಲಿಂಗ್ ಅಂತಾರೆ. ನಮ್ಮ ಹಳ್ಳಿಗಳಲ್ಲಿ ಇಲ್ಲದೇ ಇರೋದು ಅದೇ. ವಿಮಾನ ನಿಲ್ದಾಣದಲ್ಲಿ ಎಷ್ಟೇ ದೊಡ್ಡ ಶೀತಲ ಕೇಂದ್ರ ಕಟ್ಟಲಿ, ತೋಟದಲ್ಲಿ ತಪ್ಪಿದ್ದನ್ನ ಅಲ್ಲಿ ಪೂರ್ತಿ ಸರಿ ಮಾಡೋಕಾಗಲ್ಲ.

ಹಾಗಂತ ತುಂಬಾ ತಂಪಾದ್ರೂ ಕಷ್ಟ. ಸೊಪ್ಪಿಗೆ ಸೊನ್ನೆಯಿಂದ 5 ಡಿಗ್ರಿ ಬೇಕು. ಮಾವಿಗೆ 12-13 ಡಿಗ್ರಿ. ಮಾವನ್ನ ಸೊಪ್ಪಿನ ಜೊತೆ 4 ಡಿಗ್ರಿಯಲ್ಲಿ ಕೆಲವು ದಿನ ಇಟ್ಟರೆ ಚಳಿಗೆ ಸಿಪ್ಪೆ ಕಪ್ಪಾಗುತ್ತೆ, ಹಣ್ಣು ಸರಿಯಾಗಿ ಮಾಗೋದೇ ಇಲ್ಲ. ಇತ್ತ ಮಾವು ಬಿಡೋ ಎಥಿಲೀನ್ ಅನಿಲಕ್ಕೆ ಪಕ್ಕದ ಸೊಪ್ಪು ಹಳದಿಯಾಗುತ್ತೆ. ಒಂದೇ ಕೋಣೆ, ಇಬ್ಬರಿಗೂ ನಷ್ಟ.

ಇನ್ನು ಫ್ರೋಜನ್. ಮೈನಸ್ 18 ಡಿಗ್ರಿಯಲ್ಲಿ ಗಟ್ಟಿಯಾದ ಸಿಗಡಿ ತಿಂಗಳುಗಟ್ಟಲೆ ಇರುತ್ತೆ, ಅವಸರ ಇಲ್ಲ, ಹಾಗಾಗಿ ಬಹುಪಾಲು ಹಡಗಲ್ಲೇ ಹೋಗುತ್ತೆ. ಬೆಂಗಳೂರಿನ ದೊಡ್ಡ ಹೋಟೆಲ್‌ಗೆ ನಾರ್ವೆಯ ತಾಜಾ ಸಾಲ್ಮನ್ ವಿಮಾನದಲ್ಲಿ ಬರೋದು ಅದು ಫ್ರೋಜನ್ ಅಲ್ಲ ಅನ್ನೋದಕ್ಕೇ. ವಿಮಾನದಲ್ಲಿ ಫ್ರೋಜನ್ ಕಳಿಸಲೇಬೇಕು ಅಂದ್ರೆ ಡ್ರೈ ಐಸ್, ಅಂದರೆ ಗಟ್ಟಿ ಮಾಡಿದ ಇಂಗಾಲದ ಡೈಆಕ್ಸೈಡ್, ಮೈನಸ್ 78.5 ಡಿಗ್ರಿ. ಅದು ಕರಗಿ ನೀರಾಗಲ್ಲ, ನೇರವಾಗಿ ಅನಿಲ ಆಗುತ್ತೆ. ಒಂದು ಕೆಜಿಯಿಂದ 500 ಲೀಟರಿಗೂ ಹೆಚ್ಚು ಅನಿಲ! ಗಾಳಿಯಾಡದ ಹಾಗೆ ಟೇಪ್ ಸುತ್ತಿದ್ರೆ ಪೆಟ್ಟಿಗೆ ಸಿಡಿಯುತ್ತೆ. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟುತ್ತೆ. ಅದಕ್ಕೇ ವಿಮಾನಯಾನ ನಿಯಮದಲ್ಲಿ ಅದು ಅಪಾಯಕಾರಿ ಸರಕು, ಯುಎನ್ 1845 ಅಂತ ಚೀಟಿ ಅಂಟಿಸಿ ತೂಕ ಬರೆಯಲೇಬೇಕು. ಪ್ರಯಾಣಿಕರಿಗೆ ತಲಾ ಎರಡೂವರೆ ಕೆಜಿ ಮಿತಿ, ಅದೂ ವಿಮಾನ ಸಂಸ್ಥೆಯ ಒಪ್ಪಿಗೆ ಪಡೆದ ಮೇಲೆ. ಮಗನಿಗೆ ಅಂಜಲ್ ಮೀನು ಒಯ್ಯುವ ಅಮ್ಮಂದಿರು ಗಮನಿಸಿ.

ಬಾಡಿಗೆ ಲೆಕ್ಕವೂ ವಿಚಿತ್ರ. ತೂಕ ಕಡಿಮೆ ಇದ್ದು ಗಾತ್ರ ದೊಡ್ಡದಿದ್ದರೆ ಗಾತ್ರಕ್ಕೇ ದುಡ್ಡು. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸ್ತಾರೆ. 60, 40, 40ರ ಪೆಟ್ಟಿಗೆ ಅಂದ್ರೆ 16 ಕೆಜಿ. ಒಳಗಿರೋದು 10 ಕೆಜಿ ಆದ್ರೂ 16ಕ್ಕೇ ಕಟ್ಟಬೇಕು. ದಪ್ಪ ಥರ್ಮೋಕೋಲ್ ಹಾಕಿದ್ರೆ ಹಣ್ಣು ಉಳಿಯುತ್ತೆ, ಲಾಭ ಉಳಿಯಲ್ಲ. ತೆಳು ಪೆಟ್ಟಿಗೆಗೆ ರೈತರು ಕೈ ಹಾಕೋದು ಇದೇ ಕಾರಣಕ್ಕೆ. ಆ ತೆಳು ಪೆಟ್ಟಿಗೆ ವಿಮಾನದ ಪಕ್ಕದ ಕಾಂಕ್ರೀಟ್ ಮೇಲೆ, ದುಬೈನ 40 ಡಿಗ್ರಿ ಬಿಸಿಲಲ್ಲಿ, ಟ್ರಾಲಿಗಾಗಿ ಕಾಯುತ್ತೆ. ಇಡೀ ದಾರಿಯಲ್ಲಿ ಯಾರ ಕಣ್ಣಿಗೂ ಬೀಳದ ಜಾಗ ಅದು.

ಸರಿ, ನಷ್ಟ ಯಾರು ಕೊಡ್ತಾರೆ? ಅಂತರರಾಷ್ಟ್ರೀಯ ವಿಮಾನ ಸಾಗಣೆಗೆ ಮಾಂಟ್ರಿಯಲ್ ಒಪ್ಪಂದ ಇದೆ. ಭಾರತ 2009ರಲ್ಲಿ ಸೇರಿತು, ಯುಎಇ ಕೂಡ ಅದರಲ್ಲಿದೆ. ಅದರ ಪ್ರಕಾರ ಸರಕು ಕೆಟ್ಟರೆ ವಿಮಾನ ಸಂಸ್ಥೆಯ ಹೊಣೆಗೆ ಕೆಜಿಗೆ ಇಷ್ಟು ಅಂತ ಮಿತಿ. 2024ರ ಡಿಸೆಂಬರ್ 28ರಿಂದ ಆ ಮಿತಿ 22 ಎಸ್‌ಡಿಆರ್‌ನಿಂದ 26ಕ್ಕೆ ಏರಿದೆ, ಅಂದರೆ ಸುಮಾರು ಮೂರು ಸಾವಿರ ರೂಪಾಯಿ. ಮಾವಿಗೆ ಅದು ಧಾರಾಳ ಅಲ್ವಾ? ಆದ್ರೆ 18ನೇ ವಿಧಿಯಲ್ಲಿ ಒಂದು ಬಾಗಿಲು ತೆರೆದೇ ಇದೆ. ಸರಕಿನದೇ ಸ್ವಂತ ದೋಷ ಅಥವಾ ಗುಣದಿಂದ ಹಾಳಾಗಿದೆ ಅಂತ ಸಾಬೀತು ಮಾಡಿದ್ರೆ ಸಂಸ್ಥೆ ಹೊಣೆಯಲ್ಲ. "ಹಣ್ಣು ಅಂದ್ಮೇಲೆ ಕೆಡುತ್ತೆ" ಅನ್ನೋ ಆ ಏಜೆಂಟಿನ ಮಾತು ಬಾಯಿಗೆ ಬಂದ ಉಡಾಫೆಯಲ್ಲ ಅಂತ ನನಗೆ ಅರ್ಥ ಆಗಿದ್ದೇ ಇದನ್ನ ಓದಿದಾಗ. ಮತ್ತೊಂದು ಷರತ್ತಿದೆ: ಹಾನಿಯಾಗಿದ್ದರೆ ಸರಕು ಕೈಸೇರಿದ 14 ದಿನದೊಳಗೆ, ತಡವಾಗಿದ್ದರೆ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಕೊಡದಿದ್ರೆ ಕೇಸೇ ಇಲ್ಲ. ಅದನ್ನ ಕೊಡಬೇಕಾದವರು ಸರಕು ಪಡೆದವರು. ದುಬೈ ವ್ಯಾಪಾರಿ ಕಳಿಸಿದ್ದು ಫೋಟೋ, ಅದೂ ನಮ್ಮ ರೈತರಿಗೆ.

ಈಗ ಆ ಫೋಟೋ ನೋಡಿ. ಮೆತ್ತಗಾಗಿದ್ದು ಬಿಸಿಯಿಂದ ಇರಬಹುದು. ಕಪ್ಪು ಚುಕ್ಕೆ ಚಳಿಯಿಂದ ಬಂದಿರಬಹುದು, ತೋಟದಿಂದಲೇ ಬಂದ ಶಿಲೀಂಧ್ರವೂ ಇರಬಹುದು. ಆದ್ರೆ ಚಳಿಯ ಕಲೆ ಇಪ್ಪತ್ತೆಂಟು ಗಂಟೆಯಲ್ಲಿ ಬರೋದಲ್ಲ, ಅದಕ್ಕೆ ದಿನಗಟ್ಟಲೆ ಬೇಕು. ಹಣ್ಣು ಮಳಿಗೆ ಸೇರಿದ್ದು ಎರಡನೇ ದಿನ, ಫೋಟೋ ಬಂದಿದ್ದು ಆರನೇ ದಿನ. ನಡುವೆ ಅದು ಯಾರ ಕೋಣೆಯಲ್ಲಿ, ಎಷ್ಟು ಡಿಗ್ರಿಯಲ್ಲಿತ್ತು? ಹೇಳೋ ಸಾಕ್ಷಿ ಒಂದೇ ಒಂದು. ಪೆನ್‌ಡ್ರೈವ್ ಗಾತ್ರದ ಡೇಟಾ ಲಾಗರ್. ಪೆಟ್ಟಿಗೆಯೊಳಗೆ ಕೂತು ಕೆಲವು ನಿಮಿಷಕ್ಕೊಮ್ಮೆ ಉಷ್ಣಾಂಶ ಬರೆದುಕೊಳ್ಳುತ್ತೆ. ಅವರ ಪೆಟ್ಟಿಗೆಗಳಲ್ಲಿ ಅದು ಇರಲಿಲ್ಲ. ಹಾಗಂದ್ರೇನು ಅಂತಲೂ ಯಾರೂ ಅವರಿಗೆ ಹೇಳಿರಲಿಲ್ಲ.

ಇಷ್ಟನ್ನೂ ಫೋನಲ್ಲಿ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ತಪ್ಪು ನಂದೂ ಇದೆ" ಅಂದ್ರು. ಇದೆ, ಅಂದೆ. ಆದ್ರೆ ದುಡ್ಡು ಹೋಗಿದ್ದು ಅವರೊಬ್ಬರದೇ.

ಜೂನ್‌ನಲ್ಲಿ ಮತ್ತೆ ಕಳಿಸಿದ್ರು, ಈ ಸಲ ಬರೀ 100 ಕೆಜಿ. ಬೆಳಗ್ಗೆ ಆರಕ್ಕೇ ಕೊಯ್ದು, ನೆರಳಲ್ಲಿ ಹರವಿ, ಪೆಟ್ಟಿಗೆಯಲ್ಲಿ ಲಾಗರ್ ಇಟ್ಟು. ಮಾರನೇ ದಿನ ನನ್ನ ಮೊಬೈಲಿಗೆ ಒಂದು ಗ್ರಾಫ್ ಬಂತು. ಹದಿನಾಲ್ಕರ ಸುತ್ತ ನೆಟ್ಟಗೆ ಹೋಗ್ತಿದ್ದ ಗೆರೆ ಒಂದು ಕಡೆ ಮೂವತ್ತೊಂದಕ್ಕೆ ಜಿಗಿದು, ಒಂದೂವರೆ ಗಂಟೆ ಅಲ್ಲೇ ನಿಂತು, ಮತ್ತೆ ಇಳಿದಿತ್ತು. ಕೆಳಗೆ ಅವರ ಮೆಸೇಜ್: "ಸಾರ್, ಇದು ಎಲ್ಲಿ?" ಸಮಯ ನೋಡಿದೆ. ವಿಮಾನ ಆಗಲೇ ಇಳಿದಾಗಿತ್ತು.