ಬಾಣಂತಿಗೆ ಬಿಡುವು

ಹೆರಿಗೆಯಾದ ಆರು ವಾರ ತಾಯಿಯನ್ನು ದುಡಿಸಬಾರದೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ವಿಧಿಸಿತು. 2017ರಲ್ಲಿ ಮೊದಲೆರಡು ಮಕ್ಕಳಿಗೆ ಸಂಬಳಸಹಿತ ರಜೆ 12 ವಾರಗಳಿಂದ 26ಕ್ಕೇರಿತು. ಇದಕ್ಕೊಂದು ಷರತ್ತುಂಟು: ಹೆರಿಗೆಗೆ ಮುಂಚಿನ ವರ್ಷದಲ್ಲಿ ಒಂದೇ ಸಂಸ್ಥೆಯಲ್ಲಿ 80 ದಿನ ದುಡಿದಿರಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ.

ಶ್ರೀರಂಗಪಟ್ಟಣ, ಪಾಂಡವಪುರಗಳ ಕಬ್ಬಿನ ಗದ್ದೆಯಲ್ಲೋ ಕೆ.ಆರ್. ಪೇಟೆ, ನಾಗಮಂಗಲಗಳ ರಾಗಿ ಹೊಲದಲ್ಲೋ ದಿನಗೂಲಿ ಮಾಡುವಾಕೆಗೆ ಈ ರಜೆ ಎಟುಕದು. ಆಕೆಗೆ ಆಸರೆ 2013ರ ಆಹಾರ ಭದ್ರತಾ ಕಾಯ್ದೆ. ದುಡಿಮೆಯ ಷರತ್ತಿಲ್ಲದೆ ಬಸುರಿಗೂ, ಹೆರಿಗೆಯ ನಂತರ ಆರು ತಿಂಗಳವರೆಗೆ ಬಾಣಂತಿಗೂ ಅಂಗನವಾಡಿಯ ಮೂಲಕ ಉಚಿತ ಊಟ, ಜೊತೆಗೆ ಕನಿಷ್ಠ 6,000 ರೂಪಾಯಿ ನೆರವನ್ನು ಅದು ಹೇಳುತ್ತದೆ. ಆದರೆ ಈ ಹಣವನ್ನು 26 ವಾರಗಳಿಗೆ ಹಂಚಿದರೆ ದಿನಕ್ಕೆ 33 ರೂಪಾಯಿ. ಷರತ್ತು ಇಲ್ಲದಿದ್ದರೆ ಸಾಲದು. ತಪ್ಪಿದ ಕೂಲಿಯೂ ತುಂಬಿದರೆ ಮಾತ್ರ ಅದು ನಿಜವಾದ ಬಿಡುವು.